ಬಟ್ಟಲು ಖಾಲಿ ಇದೆ

ಹಿಮಕ್ಕೆ ಮಾತಿಲ್ಲ. ಆದರೆ ಹೊರಲಾರದ ಭಾರ ಬೆನ್ನಿಗೆ ಬಿದ್ದಾಗ ಅದೂ ನರಳುತ್ತದೆ. ಆ ನರಳಿಕೆ ಮನುಷ್ಯನ ಕಿವಿಗೆ ಮುಟ್ಟುವಷ್ಟರಲ್ಲಿ ಬೆಟ್ಟದ ಮೈ ಜಾರಿ ಆಗಿರುತ್ತದೆ. ಅದಕ್ಕೂ ಮೊದಲೇ ಕೇಳಿಸಿಕೊಳ್ಳುವ ಕಿವಿಯೊಂದನ್ನು ಮಾಡಿಟ್ಟರೆ ಹೇಗೆ ಎಂದು ಯಾರೋ ಪುಣ್ಯಾತ್ಮರು ಎಂದೋ ಯೋಚಿಸಿದರು. ಹಾಗೆ ಯೋಚಿಸಿದ್ದರಿಂದಲೇ ಚಂಗ್‌ಮಾರ್ ಕಣಿವೆಯ ಬೆಟ್ಟಗಳ ಮೈತುಂಬ, ಮೊಳದಾಳದ ಕಲ್ಲುಕಾಲುವೆಗಳಲ್ಲಿ, ಕೂದಲಿಗಿಂತ ತುಸು ದಪ್ಪನೆಯ ಗಾಜಿನ ಎಳೆಯೊಂದು ಹರಿದಾಡಿತು. ಎಳೆಯೊಳಗೆ ಬೆಳಕು ಓಡುತ್ತಿತ್ತು. ಮೇಲೆ ಹಿಮದ ಒಂದು ಹರಳು ಮುರಿದರೂ ನೆಲ ಅಷ್ಟೇ ಅಷ್ಟು ಅದುರಿ ಬೆಳಕಿನ ಹೆಜ್ಜೆ ತಪ್ಪುತ್ತಿತ್ತು. ತಪ್ಪಿದ ಹೆಜ್ಜೆಗಳನ್ನು ಕೂಡಿಸಿ ನೋಡಿ ಯಂತ್ರ ಹೇಳುತ್ತಿತ್ತು: ಈ ಇಳಿಜಾರು ಇನ್ನೆರಡು ದಿನ ತಾಳೀತು, ಆ ಇಳಿಜಾರು ತಾಳಲಾರದು.

ಕೇಳಿಸಿಕೊಂಡು ಸುಮ್ಮನೆ ಕೂರುವ ಯಂತ್ರವೂ ಅಲ್ಲ ಅದು. ಪ್ರತಿ ಇಳಿಜಾರಿನ ನೆತ್ತಿಯಲ್ಲಿ ಕಬ್ಬಿಣದ ಹಲಗೆಗಳನ್ನು ಹೂತಿದ್ದರು. ಭಾರ ಹೆಚ್ಚಿದಾಗ, ಅಲ್ಲಿ ನರಪಿಳ್ಳೆಯೂ ಇಲ್ಲವೆಂದು ಖಾತ್ರಿಯಾದ ಮೇಲೆ, ಆ ಹಲಗೆಗಳು ಒಂದು ನಿಮಿಷ ನಡುಗುತ್ತಿದ್ದವು. ದೊಡ್ಡದಾಗಿ ಬೀಳಬೇಕಿದ್ದ ಹಿಮ ಸಣ್ಣದಾಗಿ, ಯಾರ ಗೋಜಿಗೂ ಹೋಗದೆ ಕೆಳಗಿಳಿಯುತ್ತಿತ್ತು. ನಾಲ್ಕು ಚಳಿಗಾಲ ಕಳೆದವು. ಕಣಿವೆಯಲ್ಲಿ ಒಂದು ಜೀವವೂ ಹಿಮದ ಪಾಲಾಗಲಿಲ್ಲ. ಜನ ಅದಕ್ಕೆ ಬೇರೆ ಹೆಸರಿಡಲಿಲ್ಲ, ಕಿವಿ ಎಂದೇ ಕರೆದರು.

ಕಿವಿಯ ಕಾವಲಿಗೆ ಕುಳಿತಿದ್ದವರಲ್ಲಿ ದ್ರಾಕ್ಷಾಯಣಿ ಕಡಕೋಳ ಒಬ್ಬಳು. ನವಲಗುಂದದ ಕಡೆಯ ಹೆಣ್ಣುಮಗಳು. ಐವತ್ತೆರಡು ದಾಟಿದ ಒಂಟಿ ಜೀವ. ಹಿಮದ ಓದು ಓದಿ ಇಪ್ಪತ್ತು ವರ್ಷದಿಂದ ಬೆಟ್ಟದಲ್ಲೇ ಇದ್ದಳು. ಬೆಳಗ್ಗೆ ಮಿಂದು ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆ ಮುಗಿಸಿಯೇ ಕಾವಲು ಕೇಂದ್ರದ ಮೆಟ್ಟಿಲು ಹತ್ತುವವಳು. ಆ ಪೂಜೆಯಲ್ಲಿ ಅವಳು ಏನನ್ನೂ ಬೇಡುತ್ತಿರಲಿಲ್ಲ. ಇಂದು ಬೆಟ್ಟ ಹತ್ತಿದವರೆಲ್ಲ ಇಳಿದು ಬರಲಿ ಎಂಬುದೊಂದನ್ನು ಬಿಟ್ಟು.

ಗಾಜಿನ ಎಳೆಗೆ ಕಲ್ಲುಕಾಲುವೆ ಕಡಿಯಲು ಇಳಕಲ್ಲಿನ ಗಣಿಗಳಲ್ಲಿ ಕೈ ಪಳಗಿದ ಹನ್ನೆರಡು ಜನರ ತಂಡ ಬಂದು, ದುರಸ್ತಿಗೆಂದು ಅಲ್ಲೇ ಉಳಿದಿತ್ತು. ಅವರ ಮುಖಂಡ ದುರ್ಗಪ್ಪ. ಅವನ ಹೆಂಡತಿ ಲಚಮವ್ವ ಅಷ್ಟೂ ಜನಕ್ಕೆ ರೊಟ್ಟಿ ಬಡಿಯುತ್ತಿದ್ದಳು. ದಿನಕ್ಕೊಮ್ಮೆಯಾದರೂ ದ್ರಾಕ್ಷಾಯಣಿ ಅವರ ತಗಡಿನ ಶೆಡ್ಡಿಗೆ ಹೋಗಿ ಕುಳಿತು ಬರುತ್ತಿದ್ದಳು. ಕನ್ನಡ ಕಿವಿಗೆ ಬೀಳುವ ಜಾಗ ಆ ಬೆಟ್ಟದಲ್ಲಿ ಅದೊಂದೇ.

ಅದು ಕಾರ್ತೀಕದ ಎರಡನೆಯ ಸೋಮವಾರ. ಬಿಸಿಲು ಚೆನ್ನಾಗಿತ್ತು. ದುರ್ಗಪ್ಪನೂ ಅದೇ ತಂಡದ ಹುಲಗಪ್ಪನೂ ಮೇಲಿನ ಬಟ್ಟಲಿಗೆ ಹೋಗಬೇಕಿತ್ತು. ಬಟ್ಟಲು ಎಂದರೆ ಕೇಂದ್ರದ ನೆತ್ತಿಯ ಮೇಲಿನ, ಮೂರು ಕಡೆ ಬೆಟ್ಟ ಸುತ್ತುವರಿದ ದೊಡ್ಡ ಇಳಿಜಾರು. ಅದರ ತುತ್ತತುದಿಯಲ್ಲಿ ಎಳೆಯ ಕೊನೆಯ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳ ಹೋದ ತಿಂಗಳ ಗಾಳಿಗೆ ಹಾರಿಹೋಗಿತ್ತು. ಗಾಳಿ ನುಗ್ಗಿ ನುಗ್ಗಿ ಬಟ್ಟಲಿನ ಮೇಲರ್ಧಕ್ಕೆ ಕಿವಿ ಕೇಳಿಸುತ್ತಿರಲಿಲ್ಲ. ದೊಡ್ಡ ಹಿಮ ಬೀಳುವ ಮೊದಲು ಮುಚ್ಚಳ ಬಿಗಿಯದಿದ್ದರೆ ಚಳಿಗಾಲ ಪೂರ್ತಿ ಕಿವುಡು. ಬಟ್ಟಲಿನ ಕೆಳಗೇ ಊರಿನ ಶಾಲೆಯ ದಾರಿ.

"ಇದನ್ಯಾರ ಹಿಮಾ ಅಂತಾರ್ರೀ ಅಕ್ಕಾರ?" ಬೂಟಿನ ದಾರ ಬಿಗಿಯುತ್ತ ದುರ್ಗಪ್ಪ ನಕ್ಕ. "ಹತ್ತಿ ಬಿಡಿಸಿದ ಮ್ಯಾಲ ಹೊಲದಾಗ ಅಲ್ಲೊಂದೀಟ ಇಲ್ಲೊಂದೀಟ ಉಳಿದಿರತೈತಲ್ಲ, ಅಷ್ಟೂ ಇಲ್ಲ. ಕಲ್ಲು ಸೈತ ಕಾಣಾಕತ್ತಾವು."

"ಕಲ್ಲು ಕಾಣೂವಾಗನ ಹೆದರಬೇಕು ದುರ್ಗಪ್ಪ."

"ಮತ್ತ ಸುರು ಆತು ನೋಡು ಸಾಲಿ," ಎಂದ ದುರ್ಗಪ್ಪ ಹೆಂಡತಿಯ ಕಡೆ ತಿರುಗಿ.

ದ್ರಾಕ್ಷಾಯಣಿ ಲಚಮವ್ವನ ಮುಂದಿದ್ದ ತಾಟನ್ನು ಎಳೆದುಕೊಂಡಳು. ಡಬ್ಬಿಯಿಂದ ಒಂದು ಹಿಡಿ ದಪ್ಪ ರವೆ ತೆಗೆದು ತಾಟಿನ ಮೇಲೆ ಹರವಿದಳು. ಅದರ ಮೇಲೆ ಒಂದು ಕಟಕ ರೊಟ್ಟಿ ಇಟ್ಟಳು.

"ದಸರಾಕ್ಕ ಬಿದ್ದ ಹಿಮ ಇದು, ರವಾ. ಆವಾಗ ಪದರ ತೆಳ್ಳಗಿತ್ತು. ಮ್ಯಾಲ ಕಡು ಚಳಿ, ಕೆಳಗ ನೆಲ ಇನ್ನೂ ಬೆಚ್ಚಗ. ನೆಲದ ಹಬೆ ಮ್ಯಾಲೇರಿ ಏರಿ, ಮೆತ್ತಗಿದ್ದ ಹಿಮ ಹಿಂಗ ಬಿಡಿಬಿಡಿ ಕಾಳಾಗೇತಿ. ಒಂದಕ್ಕೊಂದು ಹಿಡಕೊಳ್ಳೂದಿಲ್ಲ. ಮೊನ್ನೆ ಗಾಳಿ ತಂದು ಹಾಕಿದ್ದು ಈ ರೊಟ್ಟಿ. ಗಟ್ಟಿ. ಕಾಲಿಟ್ರ ನೆಲಾ ಇದ್ದಂಗ ಇರತೈತಿ. ಈಗ ನೋಡು."

ತಾಟನ್ನು ಒಂಚೂರು ವಾಲಿಸಿದಳು. ರೊಟ್ಟಿ ಇಡಿಯಾಗಿ, ಸದ್ದಿಲ್ಲದೆ, ಜಾರಿ ನೆಲಕ್ಕೆ ಬಿತ್ತು.

"ಅಕ್ಕಾರ, ರವಾ ತಿಂಗಳಿಗೊಮ್ಮೆ ಬರತೈತ್ರಿ ಈ ಬೆಟ್ಟಕ್ಕ," ಎಂದಳು ಲಚಮವ್ವ. "ಪಾಠಾ ಹೇಳೂದಿದ್ರ ಉಸುಕಿನಾಗ ಹೇಳ್ರಿ."

"ಆತವ್ವಾ, ತಪ್ಪಾತು," ಎಂದು ದ್ರಾಕ್ಷಾಯಣಿ ರವೆ ಬಳಿದು ಡಬ್ಬಿಗೆ ಹಾಕಿದಳು. "ದುರ್ಗಪ್ಪ, ಬಟ್ಟಲಕ್ಕ ಹೊಗೂ ಮೊದಲ ನಡುಗುಡಿಸಲದಾಗ ನಿಂತು ನೋಡು. ಗಾಳಿ ಎದ್ದಿತ್ತು ಅಂದ್ರ ಅಲ್ಲಿಂದನ ತಿರಗು. ಮುಚ್ಚಳಾ ನಾಡಿದ್ದ ಹಾಕಿದ್ರೂ ನಡೀತೈತಿ. ಬಟ್ಟಲದಾಗ ಮಾತ್ರ ಒಬ್ಬರ ಹಿಂದ ಒಬ್ಬರು. ಒಬ್ಬರು ದಾಟೂ ತನಕ ಇನ್ನೊಬ್ಬರು ಬಂಡಿಗಲ್ಲ ಮರಿಗೆ ನಿಲ್ಲಬೇಕು."

"ಎದಿ ಮ್ಯಾಗಿನ ಬೀಕನ್ನು ಐತಿ, ಸಲಿಕಿ ಐತಿ, ಸರಳು ಐತಿ," ಎಂದು ದುರ್ಗಪ್ಪ, ಹಿಮದಡಿ ಸಿಕ್ಕವರ ಗುರುತು ಕೊಡುವ ಎದೆಯ ಪೆಟ್ಟಿಗೆಯಿಂದ ಹಿಡಿದು, ಒಂದೊಂದನ್ನೇ ಮುಟ್ಟಿ ತೋರಿಸಿದ. "ನಡುಗುಡಿಸಲದಾಗ ಕಂಬದ ಮುಂದ ಸಾಕ್ಷಿನೂ ಹೇಳತೀನಿ. ಖರೇ ಅಂದ್ರ ಅಕ್ಕಾರ, ಆ ಕಂಬ ನಿಮ್ಮ ದನಿಯಾಗ ಮಾತಾಡ್ಸತೈತಲ್ರಿ, ನನ್ನ ಹೇಂತಿಗಿಂತ ಚಂದ ಮಾತಾಡ್ಸತೈತಿ."

"ಹಂಗಾರ ಕಂಬದ ಕೂಡನ ಬಾಳೇವು ಮಾಡು," ಎಂದಳು ಲಚಮವ್ವ, ತಲೆಯೆತ್ತದೆ.

ಹುಲಗಪ್ಪ ಹೊರಗಿನಿಂದ ಕೂಗಿದ. ಇಬ್ಬರೂ ಹೊರಟರು.

ಕಂಬದ ವಿಷಯ ಹೇಳಬೇಕು. ಇಳಿಜಾರು ಖಾಲಿ ಇದೆಯೋ ಇಲ್ಲವೋ ಯಂತ್ರಕ್ಕೆ ಗೊತ್ತಾಗಬೇಕಲ್ಲ. ಮೊದಲು ದಾರಿಯುದ್ದಕ್ಕೂ ಒತ್ತುವ ಗುಂಡಿಗಳನ್ನಿಟ್ಟಿದ್ದರು. ಮರಗಟ್ಟಿದ ಬೆರಳಿಗೆ ಏರುವ ಗುಂಡಿ ಯಾವುದು ಇಳಿಯುವ ಗುಂಡಿ ಯಾವುದು ತಿಳಿಯುತ್ತಿರಲಿಲ್ಲ. ಆಮೇಲೆ ಮಾತಾಡುವ ಕಂಬ ನಿಲ್ಲಿಸಿದರು. ಬಂದವರು ತಮ್ಮ ಭಾಷೆಯಲ್ಲಿ ತಮಗೆ ತಿಳಿದಂತೆ ಹೇಳಿದರಾಯಿತು. ಯಂತ್ರ ಅದನ್ನು ಮೇಲೆ, ಕೆಳಗೆ, ಇಲ್ಲೇ ಎಂದು ಮೂರು ಪಾಲು ಮಾಡಿ ಕೇಂದ್ರಕ್ಕೆ ಹಿಂದಿಯಲ್ಲಿ ಒಂದು ಸಾಲು ಕಳಿಸುತ್ತಿತ್ತು. ಆರು ಭಾಷೆಗಳಲ್ಲಿ ಕನ್ನಡವೂ ಒಂದು. ಅದಕ್ಕೆ ಕನ್ನಡ ಕಲಿಸಿದವಳು, ಅದಕ್ಕೆ ದನಿ ಕೊಟ್ಟವಳು ದ್ರಾಕ್ಷಾಯಣಿ. ಒಂದು ಚಳಿಗಾಲವಿಡೀ ಕುಳಿತು, ಮನುಷ್ಯ ಬೆಟ್ಟದಲ್ಲಿ ಆಡಬಹುದಾದ ಮಾತುಗಳನ್ನೆಲ್ಲ ಒಂದೊಂದಾಗಿ ಬರೆದು, ಎದುರಿಗೆ ಮೇಲೆ, ಕೆಳಗೆ, ಇಲ್ಲೇ ಎಂದು ಗುರುತು ಹಾಕಿದ್ದಳು.

ಹತ್ತೂಮುಕ್ಕಾಲಿಗೆ ಪರದೆಯ ಮೇಲೆ ಸಾಲು ಮೂಡಿತು. ನಡುಗುಡಿಸಲು. ಇಬ್ಬರು. ಕೆಳಗೆ ಬರುತ್ತಿದ್ದಾರೆ. ಬಟ್ಟಲು ಖಾಲಿ ಇದೆ.

ಸದ್ಯ ಶಿವಾ, ಎಂದುಕೊಂಡಳು. ಗಾಳಿ ಎದ್ದಿರಬೇಕು, ದುರ್ಗಪ್ಪ ಮಾತು ಕೇಳಿ ತಿರುಗಿದ. ಪಕ್ಕದ ಪರದೆಯಲ್ಲಿ ಬಟ್ಟಲಿನ ಕೆಳಗರ್ಧ ನರಳುತ್ತಿತ್ತು. ರವೆಯ ಪದರ ಒಡೆಯುವ ಸಣ್ಣ ಸಣ್ಣ ಗೆರೆಗಳು ಬೆಳಗಿನಿಂದ ಒತ್ತೊತ್ತಾಗಿ ಬರುತ್ತಿದ್ದವು. ಮೇಲರ್ಧದಲ್ಲಿ ಗಾಳಿಯ ಗದ್ದಲ ಬಿಟ್ಟು ಬೇರೇನಿಲ್ಲ. ನಡುಗಿಸಬಹುದು ಎಂದು ಯಂತ್ರ ಸೂಚನೆ ಕೊಟ್ಟಿತು. ಇಳಿಯುವವರು ದೂರವಾಗಲಿ ಎಂದು ನಲವತ್ತು ನಿಮಿಷ ಕಾಯುವ ನಿಯಮ. ಅವಳು ನಲವತ್ತೈದು ನಿಮಿಷ ಕಾದಳು. ಆಮೇಲೆ ಕೆಂಪು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಒತ್ತುವುದು ಕಾವಲಿಗೆ ಕೂತವರ ಕೆಲಸ. ಯಂತ್ರ ತಾನಾಗಿ ನಡುಗಿಸುವಂತಿಲ್ಲ.

ದೂರದಲ್ಲಿ ಗೋಣಿಚೀಲ ಬಿದ್ದಂಥ ಸದ್ದಾಯಿತು. ಪರದೆಯ ಗೆರೆಗಳು ಸಮವಾದವು. ಅವಳು ಎದ್ದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಮೂರು ಬಟ್ಟಲು ನೀರು.

ನೀರು ಕುದಿದು ಅರ್ಧವಾಗಿತ್ತು. ಮತ್ತೆ ಸುರಿದಳು. ಆಗ ಕಂಬದಿಂದ ನೇರವಾಗಿ ದನಿ ಬಂತು. ಅಪಾಯದ ಮಾತನ್ನು ಯಂತ್ರ ಅನುವಾದಿಸುವುದಿಲ್ಲ, ಹಾಗೇ ದಾಟಿಸುತ್ತದೆ. ಹುಲಗಪ್ಪನ ದನಿ. ಆದರೆ ಅದರಲ್ಲಿ ಗಾಬರಿ ಉಳಿದಿರಲಿಲ್ಲ.

"ಅಕ್ಕಾರ, ಅಣ್ಣನ್ನ ತಗದೀನ್ರಿ. ಮಾತಾಡವಲ್ಲ."

"ಎಲ್ಲಿಂದ ತಗದಿ?"

"ಬಟ್ಟಲದಾಗಿಂದ್ರಿ. ನಾ ಬಂಡಿ ಮರಿಗೆ ನಿಂತಿದ್ನಿ. ಅಂವ ನಟ್ಟನಡುವಿದ್ದ. ಮ್ಯಾಲಿಂದ ಪೂರಾ ಹರಕೊಂಡು ಬಂತು. ಬೀಕನ್ ಹಿಡದು ಹುಡಿಕೀನ್ರಿ, ಸರಳು ಹಾಕೀನಿ, ಅಗದೀನಿ. ಭಾಳ ಆಳ ಇರಲಿಲ್ರಿ. ಸೊಂಟದ ಮಟ. ಕೆಳಗ ಎಲ್ಲಾ ಕಲ್ಲು ರೀ, ಬಡದಾವ."

ದ್ರಾಕ್ಷಾಯಣಿ ಒಲೆ ಆರಿಸಿದಳು. ಒಲೆ ಆರಿಸಿದ್ದು ನೆನಪಿದೆ. ಆಮೇಲೆ ಬೆಟ್ಟ ಹತ್ತಿದ್ದು, ಸ್ಟ್ರೆಚರಿನ ಒಂದು ಕೊನೆ ಹಿಡಿದದ್ದು, ಶೆಡ್ಡಿನ ಮುಂದೆ ಅದನ್ನು ಇಳಿಸಿದ್ದು, ಇವೆಲ್ಲ ಬೇರೆ ಯಾರೋ ಮಾಡಿದ್ದನ್ನು ಕಿಟಕಿಯಿಂದ ಕಂಡ ಹಾಗೆ. ಲಚಮವ್ವ ಹೊರಗೆ ಬಂದು ನೋಡಿದಳು. ಅಳಲಿಲ್ಲ. ಗಂಡನ ಕಿವಿಯೊಳಗಿನ ಹಿಮವನ್ನು ಕಿರುಬೆರಳಿನಿಂದ ತೆಗೆದಳು.

"ಸೊಂಟದ ಮಟ ಹಿಮದಾಗ ಮನಷ್ಯಾ ಸಾಯ್ತಾನೇನು?" ಎಂದು ಯಾರನ್ನೋ ಕೇಳಿದಳು.

ಎರಡನೆಯ ದಿನ ಕಣಿವೆಯ ಕೆಳಗೆ, ನದಿಯ ದಂಡೆಯಲ್ಲಿ, ನೆಲವನ್ನು ಬೆಂಕಿಯಿಂದ ಬಿಸಿ ಮಾಡಿ ಗುಂಡಿ ತೋಡಿ ಮಣ್ಣು ಮಾಡಿದರು. ದ್ರಾಕ್ಷಾಯಣಿ ಹಿಡಿ ಮಣ್ಣು ಹಾಕಿ ಬಂದಳು. ಮರುದಿನ ಬೆಳಗ್ಗೆ ಎಂದಿನಂತೆ ಮಿಂದಳು. ಅಂಗೈಯಲ್ಲಿ ಲಿಂಗವಿಟ್ಟುಕೊಂಡಳು. ಅದರ ತೂಕ ಗೊತ್ತಾಗಲಿಲ್ಲ. ಕಣ್ಣು ತೆರೆದು ನೋಡಿದಳು, ಲಿಂಗ ಅಲ್ಲಿಯೇ ಇತ್ತು. ಮತ್ತೆ ಕಣ್ಣು ಮುಚ್ಚಿದರೆ ಇಲ್ಲ. ಬೇಡಿಕೊಳ್ಳುವ ಮಾತು ನಾಲಿಗೆಗೆ ಬಂದು ಅಲ್ಲೇ ನಿಂತಿತು. ದೇವರ ಮೇಲೆ ಸಿಟ್ಟೇನೂ ಬಂದಿರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ.

ಕೇಂದ್ರದ ಮುಖ್ಯಸ್ಥರು ನೇಗಿ ಸಾಹೇಬರು, ಆ ಬೆಟ್ಟದವರೇ. ಮೂರನೆಯ ದಿನ ವರದಿಯ ಕರಡನ್ನು ಅವಳ ಮುಂದಿಟ್ಟರು. ಮೃತನು ಕೆಳಗೆ ಬರುತ್ತಿರುವುದಾಗಿ ಕಂಬಕ್ಕೆ ತಿಳಿಸಿ, ನಂತರ ಸೂಚನೆಗೆ ವಿರುದ್ಧವಾಗಿ ಬಟ್ಟಲನ್ನು ಪ್ರವೇಶಿಸಿದ್ದಾನೆ ಎಂದು ಅದರಲ್ಲಿತ್ತು. ಕೆಲಸ ಮುಗಿಸಿಬಿಡುವ ಆತುರದಲ್ಲಿ ಸುಳ್ಳು ಮಾಹಿತಿ ನೀಡಿರಬಹುದು ಎಂದೂ ಇತ್ತು.

ವರದಿಯ ಮಾತು ಶೆಡ್ಡಿಗೆ ಹೇಗೋ ಮುಟ್ಟಿತ್ತು. ಆ ಮಧ್ಯಾಹ್ನ ಲಚಮವ್ವ ಕೇಂದ್ರದ ಮೆಟ್ಟಿಲ ಮೇಲೆ ಬಂದು ಕುಳಿತಳು. ಎಂದೂ ಅಷ್ಟು ಹತ್ತಿರ ಬಂದವಳಲ್ಲ.

"ಅಕ್ಕಾರ, ನನ್ನ ಗಂಡ ಸುಳ್ಳ ಹೇಳಿದ್ನಂತ?"

ದ್ರಾಕ್ಷಾಯಣಿ ಪಕ್ಕದಲ್ಲಿ ಕುಳಿತಳು.

"ಅಂವ ಕುಡದಾನ್ರಿ. ಜಗಳಾ ತಗದಾನ. ಒಮ್ಮೆ ನನಗ ಕೈನೂ ಮಾಡ್ಯಾನ. ಸುಳ್ಳ ಮಾತ್ರ ಹೇಳಿದಾಂವಲ್ಲ. ಈಗ ನಮ್ಮ ಮಂದಿನ ಅನ್ನಾಕತ್ತೈತಿ, ದುರ್ಗಪ್ಪ ಕಂಬಕ್ಕ ಸುಳ್ಳ ಹೇಳಿ ತಾನೂ ಸತ್ತ, ಹುಲಗಪ್ಪನ್ನೂ ಕೊಲ್ಲತಿದ್ದ ಅಂತ. ಹುಲಗಪ್ಪನ್ನ ಕೇಳಿದ್ರ, ನಾ ಹೊರಗ ಬೂಟ್ ಕಟಗೊಳ್ಳಾಕತ್ತಿದ್ನಿ, ಒಳಗ ಏನಂದ್ನೊ ಗೊತ್ತಿಲ್ಲ ಅಂತಾನ. ನಾಳೆ ಗಾಡಿಗೆ ನಾ ಊರಿಗೆ ಹೊಂಟೀನಿ. ನನ್ನ ಮಗಳು ಕೇಳತಾಳ, ಅಪ್ಪ ಹೆಂಗ ಸತ್ತಾ ಅಂತ. ಏನ ಹೇಳ್ಲಿ?"

"ನಾ ನೋಡಿ ಹೇಳತೀನಿ ಲಚಮವ್ವ."

"ನೋಡೂದೇನೈತ್ರಿ? ಕೇಳ್ರಿ. ಅಂವ ಮಾತಾಡಿದ್ದು ಆ ಯಂತ್ರದಾಗ ಇರಬೇಕಲ್ಲ?"

ಅಲ್ಲಿಯ ತನಕ ಅದು ದ್ರಾಕ್ಷಾಯಣಿಗೆ ಹೊಳೆದಿರಲಿಲ್ಲ. ಅಥವಾ ಹೊಳೆಯದಂತೆ ಮನಸ್ಸು ಬಾಗಿಲು ಹಾಕಿಕೊಂಡಿತ್ತು. ಅನುವಾದದ ಸಾಲು ಎಲ್ಲರೂ ನೋಡಿದ್ದರು. ದನಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದರೂ ತಿಳಿಯುವವಳು ಆ ಕಟ್ಟಡದಲ್ಲಿ ಒಬ್ಬಳೇ.

ಒಳಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಸೋಮವಾರದ ಹತ್ತೂಮುಕ್ಕಾಲನ್ನು ಹುಡುಕಿ ಒತ್ತಿದಳು.

ಮೊದಲು ಬಾಗಿಲಿನ ಸದ್ದು. ಆಮೇಲೆ ಕಂಬದ ದನಿ, ಅಂದರೆ ಅವಳದೇ ದನಿ: "ಹೇಳ್ರಿ, ಎಷ್ಟು ಮಂದಿ ಅದೀರಿ?"

ದುರ್ಗಪ್ಪ: "ಇಬ್ಬರ ಅದೀವ್ರಿ ಅಕ್ಕಾರ. ಅರಾಮ ಅದೀವಿ. ಇಲ್ಲಿ ಗಾಳಿ ಒಟ್ಟ ಇಲ್ಲ."

"ಸರಿ. ಮುಂದೇನು?"

"ಹಂಗಾರ ಬರ್ತೀವ್ರೀ ಅಕ್ಕಾರ."

"ಹೂಂ. ಹುಷಾರಿಂದ ಬರ್ರಿ."

ಬಾಗಿಲಿನ ಸದ್ದು. ಮುಗಿಯಿತು.

ಎರಡನೆಯ ಸಲ ಕೇಳಬೇಕಿರಲಿಲ್ಲ. ಆದರೂ ಕೇಳಿದಳು. ಅವನ ದನಿಯಲ್ಲಿ ಹೊರಟವನ ಲವಲವಿಕೆ ಇತ್ತು. ಅವರ ಕಡೆಯಲ್ಲಿ ಯಾವ ಮನುಷ್ಯನೂ ಹೊರಡುವಾಗ ಹೋಗ್ತೀನಿ ಎನ್ನುವುದಿಲ್ಲ. ಪಕ್ಕದ ಓಣಿಗೆ ಹೊರಟರೂ, ಪರದೇಶಕ್ಕೆ ಹೊರಟರೂ, ಹೊಸ್ತಿಲಲ್ಲಿ ನಿಂತು ಬರ್ತೀನಿ ಎಂದೇ ಅನ್ನುವುದು. ಹೋಗ್ತೀನಿ ಅನ್ನುವುದು ಅಪಶಕುನ. ಮರಳಿ ಬಾರದವರಿಗೆ ಮೀಸಲಾದ ಮಾತು ಅದು. ದುರ್ಗಪ್ಪ ಕಂಬದೊಳಗಿನ ಅಕ್ಕನಿಗೆ, ಮೇಲೆ ಹೊರಟವನು ಹೇಳಬೇಕಾದ ರೀತಿಯಲ್ಲಿ, ಹೇಳಿ ಹೋಗಿದ್ದ. ಅಕ್ಕನೂ ಹೇಳಬೇಕಾದ ರೀತಿಯಲ್ಲೇ ಬರ್ರಿ ಎಂದು ಕಳಿಸಿಕೊಟ್ಟಿದ್ದಳು. ಅರ್ಥ ಸರಿಯಾಯಿತೇ ಎಂದು ತಿರುಗಿ ಕೇಳಿಕೊಳ್ಳಲೆಂದೇ, ಇಳಿಯುವವರಿಗೆ ಬರ್ರಿ ಎನ್ನಲು ಯಂತ್ರಕ್ಕೆ ಕಲಿಸಿದ್ದರು. ಇಬ್ಬರೂ ಒಂದೇ ಮಾತು ಆಡಿ, ಒಬ್ಬ ಏರಿದ, ಯಂತ್ರ ಅವನನ್ನು ಇಳಿಸಿತು.

ಅವಳು ಹಳೆಯ ಕಪಾಟಿನಿಂದ ತನ್ನ ಹಾಳೆಗಳನ್ನು ತೆಗೆದಳು. ಒಂದು ಸಾವಿರದ ನೂರಾ ಹದಿನಾರನೆಯ ಮಾತು. ಬರ್ತೀನಿ, ಬರ್ತೀವಿ. ಎದುರಿಗೆ, ದುಂಡನೆಯ ತನ್ನದೇ ಅಕ್ಷರದಲ್ಲಿ: ಕೆಳಗೆ.

ಬರೆದ ದಿನ ಹೀಟರಿನ ಮುಂದೆ ಬೆಚ್ಚಗೆ ಕುಳಿತಿದ್ದಳು. ಶಾಲೆಯ ವ್ಯಾಕರಣದಲ್ಲಿ ಬರು ಎಂದರೆ ಬರುವುದೇ. ಆ ಸಂಜೆ ಕೆಲಸ ಮುಗಿಸಿ ಬಾಗಿಲ ಬಳಿ ನಿಂತು, ಕನ್ನಡ ಬಾರದ ಜೊತೆಗಾರರಿಗೆ ಎಂದಿನಂತೆ ಬರ್ತೀನಿ ಎಂದು ಹೇಳಿಯೇ ಮನೆಗೆ ಹೋಗಿರಬೇಕು.

ನೇಗಿ ಸಾಹೇಬರು ತಾಳ್ಮೆಯಿಂದ ಕೇಳಿದರು. ಹಿಂದಿಯಲ್ಲಿ ಅದನ್ನು ವಿವರಿಸುವುದು ಕಷ್ಟವಾಯಿತು.

"ಅವನು ಬರುತ್ತೇನೆ ಎಂದ. ಯಂತ್ರ ಬರುತ್ತಾನೆ ಎಂದು ತಿಳಿಯಿತು. ಇದರಲ್ಲಿ ಯಂತ್ರದ ತಪ್ಪೇನು?"

"ಯಂತ್ರದ್ದಲ್ಲ ಸರ್. ನನ್ನದು."

ನೇಗಿ ಸಾಹೇಬರು ವರದಿಯ ಕರಡನ್ನು ತಮ್ಮ ಕಡೆ ಎಳೆದುಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಅವರ ಅಣ್ಣ ಮೂವತ್ತು ವರ್ಷದ ಹಿಂದೆ ಇಂಥದ್ದೇ ನವೆಂಬರಿನಲ್ಲಿ, ಕಲ್ಲು ಕಾಣುವ ಹಿಮದಲ್ಲಿ ಹೋಗಿದ್ದರು. ಕಿವಿ ಈ ಕಣಿವೆಗೆ ಬರಲು ಅವರು ಅರ್ಧ ಆಯುಷ್ಯ ಸವೆಸಿದ್ದರು.

"ಮೇಡಂ, ಆ ಮಾತನ್ನು ಈಗಲೇ ಯಂತ್ರದಿಂದ ತೆಗೆಯಿರಿ. ಇನ್ನು ಮುಂದೆ ಮೇಲೆ, ಕೆಳಗೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಯಾವ ಭಾಷೆಯಲ್ಲೂ ಸಾಲು ಹೋಗದಂತೆ ಮಾಡಿ. ಅಷ್ಟು ಮಾಡಿದರೆ ಇನ್ನೊಬ್ಬ ಸಾಯುವುದಿಲ್ಲ. ಆದರೆ ವರದಿಯನ್ನು ಹಾಗೇ ಬಿಡಿ. ಕಿವಿಗೆ ತಪ್ಪು ಕೇಳಿಸುತ್ತದೆ ಎಂದು ಗೊತ್ತಾದರೆ ಜನ ಅದನ್ನು ನಂಬುವುದಿಲ್ಲ. ನಂಬದವರು ಕಂಬದ ಮುಂದೆ ನಿಲ್ಲದೆ ದಾಟುತ್ತಾರೆ. ಎಷ್ಟು ಜನ ಸಾಯುತ್ತಾರೆ ಆಗ? ದುರ್ಗಪ್ಪನಿಗೆ ಇನ್ನು ಸತ್ಯದಿಂದ ಆಗಬೇಕಾದ್ದೇನಿದೆ?"

ಆ ಮಾತು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ನಿಜವೆಂದೂ ಅನ್ನಿಸಲಿಲ್ಲ. ತಲೆಯಾಡಿಸಿ ಬಂದು ಯಂತ್ರದ ಮುಂದೆ ಕುಳಿತು, ಸಂಜೆಯೊಳಗೆ ಆ ಮಾತನ್ನು ತೆಗೆದಳು. ಮೂರು ಸಲ ಪರೀಕ್ಷಿಸಿದಳು. ಯಂತ್ರ ಈಗ ಅವಳ ದನಿಯಲ್ಲೇ ಕೇಳುತ್ತಿತ್ತು, "ಮ್ಯಾಲಕ್ಕೊ, ಕೆಳಕ್ಕೊ, ಬಾಯಿಬಿಟ್ಟು ಹೇಳ್ರಿ." ಕೆಲಸ ಚೊಕ್ಕವಾಗಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಅವಳು ಪೂಜೆಗೆ ಕುಳಿತಳು. ಬಹಳ ಹೊತ್ತು ಕುಳಿತಳು. ಏನೂ ಕೇಳಿಸಲಿಲ್ಲ, ಏನೂ ಕಾಣಲಿಲ್ಲ. ಶಿವ ಸುಮ್ಮನಿದ್ದ. ಹೇಳುವವರು ಹೇಳದೆ ಉಳಿದಾಗ ಅವನಾದರೂ ಏನು ಕೇಳಿಸಿಕೊಂಡಾನು ಎಂದು ಅವಳಿಗೆ ಆಗ ಅನ್ನಿಸಿತು. ದೊಡ್ಡ ಜ್ಞಾನೋದಯವೇನಲ್ಲ ಅದು, ಬೂಟಿನೊಳಗಿನ ಕಲ್ಲು ಗೊತ್ತಾದ ಹಾಗೆ. ಎದ್ದು ಶಾಲು ಹೊದ್ದು ಶೆಡ್ಡಿನ ಕಡೆ ನಡೆದಳು.

ಲಚಮವ್ವ ಹಂಚು, ಹಿಟ್ಟು ನಾದುವ ಕೊಣಮಿಗೆ, ರೊಟ್ಟಿ ಬಡಿಯುವ ಹಲಗೆ ಎಲ್ಲ ಗೋಣಿಯಲ್ಲಿ ಕಟ್ಟಿಯಾಗಿತ್ತು. ತಂಡದ ಜನ ಗೋಡೆಗೆ ಒರಗಿ ಕುಳಿತಿದ್ದರು. ಹುಲಗಪ್ಪ ಬಾಗಿಲ ಬಳಿ ಇದ್ದ. ಅವನ ಎರಡೂ ಕೈಯ ಉಗುರುಗಳು ಅಗೆದು ಅಗೆದು ಕಪ್ಪಾಗಿದ್ದವು.

"ಎಲ್ಲಾರೂ ಕೇಳ್ರಿ," ಎಂದಳು ದ್ರಾಕ್ಷಾಯಣಿ. ತನ್ನ ದನಿ ಕಂಬದ ದನಿಯಂತೆ ಸಪಾಟಾಗಿ ಬಂದದ್ದು ಅವಳಿಗೇ ಕೇಳಿಸಿತು. "ದುರ್ಗಪ್ಪ ಸುಳ್ಳ ಹೇಳಿಲ್ಲ. ಅವನ ಮಾತ ನಾ ಕೇಳೀನಿ. ಬರ್ತೀವಿ ಅಕ್ಕಾರ ಅಂದಾನ."

"ಮತ್ತೇನಂತಾರ?" ಎಂದಳು ಲಚಮವ್ವ. "ಹೊಂಡೂವಾಗ ಹೋಗ್ತೀವಿ ಅಂತಾರೇನು?"

"ಅನ್ನೂದಿಲ್ಲ. ಯಂತ್ರಕ್ಕ ಅದು ಗೊತ್ತಿರಲಿಲ್ಲ. ಬರ್ತೀವಿ ಅಂದ್ರ ಕೆಳಗ ಬರಾಕತ್ತಾರ ಅಂತ ತಿಳೀತು. ಹಂಗ ತಿಳೀಬೇಕು ಅಂತ ಅದಕ್ಕ ಕಲಿಸಿದಾಕಿ ನಾನು."

ಗೋಡೆಗೆ ಒರಗಿದವರಲ್ಲಿ ಒಬ್ಬ ಎದ್ದು ನಿಂತ. ಮತ್ತೆ ಕುಳಿತ. ಹೊರಗೆ ಗಾಡಿಯ ಎಂಜಿನ್ನು ಬೆಚ್ಚಗಾಗಲೆಂದು ಓಡುತ್ತಿತ್ತು.

"ನೀವು ನಮ್ಮಾಕಿನ ಅದೀರಲ್ರಿ," ಎಂದ ಹುಲಗಪ್ಪ. ಬೈಗುಳವಲ್ಲ ಅದು. ನಿಜಕ್ಕೂ ಅವನಿಗೆ ತಿಳಿಯಲಿಲ್ಲ. "ನಿಮಗೂ ಗೊತ್ತಾಗಲಿಲ್ಲೇನು?"

"ಗೊತ್ತಾಗಲಿಲ್ಲ."

ಲಚಮವ್ವ ಗೋಣಿಯ ಬಾಯಿಗೆ ಹಗ್ಗ ಬಿಗಿದು, ಗಂಟು ಹಾಕಿ, ಅದನ್ನೇ ನೋಡುತ್ತ ಹೇಳಿದಳು:

"ಬರದ ಕೊಡ್ರಿ."

"ಏನು?"

"ಈಗ ಹೇಳಿದ್ರಲ್ಲ, ಅದನ್ನ. ಕನ್ನಡದಾಗ ಬರೀರಿ. ನನಗ ಓದಾಕ ಬರೂದಿಲ್ಲ, ನನ್ನ ಮಗಳಿಗೆ ಬರತೈತಿ. ನಾ ಹೇಳಿದ್ರ ತಾಯಿ ಅಪ್ಪನ ಪರವಾಗಿ ಮಾತಾಡ್ತಾಳ ಅಂತಾಳ. ಬರದದ್ದಿದ್ರ ನಂಬತಾಳ. ಊರ ಮಂದಿನೂ ನಂಬತಾರ. ನಿಮ್ಮ ಸಾಹೇಬಗೂ ಒಂದು ಬರೀರಿ."

ಬರೆದು ಕೊಟ್ಟರೆ ಏನೇನಾಗುತ್ತದೆ ಎಂದು ದ್ರಾಕ್ಷಾಯಣಿಗೆ ಗೊತ್ತಿತ್ತು. ನೇಗಿ ಸಾಹೇಬರ ಮುಖ ಕಣ್ಣ ಮುಂದೆ ಬಂತು. ಕಂಬ ನೋಡಿಯೂ ನೋಡದಂತೆ ದಾಟಿಹೋಗುವ ಯಾರು ಯಾರೋ ಬಂದರು. ಅವರನ್ನೆಲ್ಲ ಪಕ್ಕಕ್ಕಿಟ್ಟು, ಜೇಬಿನಿಂದ ಪೆನ್ನು ತೆಗೆದು, ಮಡಿಲಲ್ಲಿ ಹಾಳೆ ಇಟ್ಟುಕೊಂಡು ನೆಲದ ಮೇಲೆ ಕುಳಿತಳು.

ಬರೆದಳು: ದುರ್ಗಪ್ಪ ಸುಳ್ಳು ಹೇಳಲಿಲ್ಲ. ಹೊರಡುವಾಗ ಎಲ್ಲರೂ ಹೇಳುವಂತೆ ಬರ್ತೀವಿ ಎಂದು ಹೇಳಿ ಮೇಲೆ ಹೋದನು. ಆ ಮಾತಿನ ಅರ್ಥವನ್ನು ಯಂತ್ರಕ್ಕೆ ತಪ್ಪಾಗಿ ಕಲಿಸಿದವಳು ನಾನು.

ಇಷ್ಟು ಸಲೀಸಾಗಿ ಬಂತು. ಮುಂದಿನ ಸಾಲೂ ಸಲೀಸಾಗಿಯೇ ಬಂತು, ಇಪ್ಪತ್ತು ವರ್ಷ ಕಚೇರಿಯಲ್ಲಿ ಬರೆದ ಕೈ: ಬಟ್ಟಲು ಖಾಲಿ ಇದೆಯೆಂದು ಭಾವಿಸಿ ಗುಂಡಿಯನ್ನು ಒತ್ತಲಾಯಿತು.

ಪೆನ್ನು ನಿಂತಿತು. ಶೆಡ್ಡಿನಲ್ಲಿ ಯಾರೂ ಗುಂಡಿಯ ಮಾತು ಎತ್ತಿರಲಿಲ್ಲ. ಹಿಮ ನಡುಗಿಸುವುದು ಯಂತ್ರವೇ ಎಂದು ಅವರೆಲ್ಲ ತಿಳಿದಿದ್ದರು. ಅವಳೂ ಈವರೆಗೆ ಮಾತಿನ ತಪ್ಪನ್ನಷ್ಟೇ ಹೇಳಿದ್ದಳು. ಮಾತಿನ ತಪ್ಪು ಹೇಳುವುದು ಸುಲಭ, ಅದು ಯಾರಿಗಾದರೂ ಆಗಬಹುದಾದದ್ದು.

ಒತ್ತಲಾಯಿತು ಎಂಬುದರ ಮೇಲೆ ಒಂದು ಗೆರೆ ಎಳೆದಳು. ಒತ್ತಿದೆ ಎಂದು ಬರೆದಳು. ಓದಿ ನೋಡಿದಳು. ಗುಂಡಿಯನ್ನು ಒತ್ತಿದೆ. ಯಾರು? ಯಂತ್ರ ಒತ್ತಿದೆ ಎಂದೂ ಓದಬಹುದು. ಲಚಮವ್ವನ ಹದಿಮೂರರ ಮಗಳು ಹಾಗೇ ಓದಿಯಾಳು. ಕನ್ನಡದಲ್ಲಿ ಆ ಒಂದು ಮಾತಿನ ಹಿಂದೆ ಯಂತ್ರವೂ ಅಡಗಬಹುದು, ಮನುಷ್ಯಳೂ ಅಡಗಬಹುದು.

"ಅದೇನ್ರಿ ಹೊಡದ ಹಾಕಿದ್ರಿ?" ಎಂದಳು ಲಚಮವ್ವ.

ದ್ರಾಕ್ಷಾಯಣಿ ಸಾಲಿನ ಮೇಲೆ ಉಳಿದ ಜಾಗದಲ್ಲಿ, ಗುಂಡಿ ಎಂಬುದರ ಹಿಂದೆ, ನಾನು ಎಂದು ಸೇರಿಸಿದಳು. ಕೆಳಗೆ ಸಹಿ ಹಾಕಿದಳು. ತಾರೀಕು ಹಾಕಿದಳು.

"ಓದ್ರಿ," ಎಂದಳು ಲಚಮವ್ವ.

ದ್ರಾಕ್ಷಾಯಣಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಲಚಮವ್ವ ಕೈಯೆತ್ತಿ ತಡೆದಳು. ಹೊರಗಿನ ಎಂಜಿನ್ನು ಆರಿಸಲು ಹುಲಗಪ್ಪನಿಗೆ ಸನ್ನೆ ಮಾಡಿದಳು. ಸದ್ದು ನಿಂತಿತು.

"ಆ ಸಾಲು ಇನ್ನೊಮ್ಮೆ ಓದ್ರಿ."

"ಬಟ್ಟಲು ಖಾಲಿ ಇದೆಯೆಂದು ಭಾವಿಸಿ, ನಾನು ಗುಂಡಿಯನ್ನು ಒತ್ತಿದೆ."

ಲಚಮವ್ವ ಹಾಳೆಗೆ ಕೈಚಾಚಿದಳು.